ಟಿ.ವಿ. ಕಂಡುಹಿಡಿದವರು ಯಾರು? ಫಿಲೋ ಫಾರ್ನ್ಸ್‌ವರ್ತ್ ಅವರ ಬದುಕು



ಈ ಸಲದ ಲೇಖನಕ್ಕೆ ಒಂದು ಕಾರಣವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸಂಘದ ಮಕ್ಕಳ ರಸಪ್ರಶ್ನೆಯಲ್ಲಿ ಪ್ರಶ್ನೆ ಕೇಳುವ ಕೆಲಸ ಈ ವರ್ಷವೂ ನನ್ನ ಪಾಲಿಗೇ ಬಂದಿತ್ತು. ಟಿ.ವಿ. ಕಂಡುಹಿಡಿದವರು ಯಾರು ಎಂದು ಕೇಳಿದೆ. ನನ್ನ ಕೈಯಲ್ಲಿದ್ದ ಉತ್ತರದ ಹಾಳೆಯಲ್ಲಿ ಜಾನ್ ಲೋಗಿ ಬೇರ್ಡ್ ಎಂದಿತ್ತು. ಏಳನೇ ತರಗತಿಯ ಒಬ್ಬ ಹುಡುಗಿ ಎದ್ದು ಫಾರ್ನ್ಸ್‌ವರ್ತ್ ಎಂದಳು. ತಪ್ಪು ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋದೆ. ಅದೇ ಒಂದು ಅಂಕದಲ್ಲಿ ಅವಳ ತಂಡ ಎರಡನೇ ಸ್ಥಾನಕ್ಕೆ ಇಳಿಯಿತು. ಮಗು ವಾದ ಮಾಡಲಿಲ್ಲ, ಸುಮ್ಮನೆ ಕುಳಿತಳು. ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವಾಗ ಅವಳ ಅಜ್ಜ ಹತ್ತಿರ ಬಂದು, ಬಿಡುವಾದಾಗ ಒಮ್ಮೆ ಪುಸ್ತಕ ತೆಗೆದು ನೋಡಿ ಎಂದಷ್ಟೇ ಹೇಳಿ ಹೋದರು.

ನೋಡಿದೆ. ಒಂದು ರಾತ್ರಿಯಲ್ಲಿ ಮುಗಿಯುತ್ತದೆ ಎಂದುಕೊಂಡದ್ದು ಎರಡು ವಾರ ಹಿಡಿಯಿತು. ನಾನು ಬದುಕಿಡೀ ಕಚೇರಿಯಲ್ಲಿ ಆವಕ-ಜಾವಕದ ರಿಜಿಸ್ಟರ್ ಬರೆದವನು. ಯಾವ ಅರ್ಜಿ ಯಾವ ದಿನ ಬಂತು, ಅದರೊಳಗೆ ಏನು ಬರೆದಿತ್ತು ಎಂಬುದರ ಮೇಲೆ ಜನರ ಹೊಲ, ಮನೆ, ಪಿಂಚಣಿ ನಿಂತಿರುವುದನ್ನು ಕಣ್ಣಾರೆ ಕಂಡವನು. ಟಿ.ವಿ.ಯ ಹುಟ್ಟಿನ ಜಗಳವೂ ಕೊನೆಗೆ ಹೋಗಿ ನಿಂತದ್ದು ಅರ್ಜಿ ಮತ್ತು ತಾರೀಖಿನ ಮೇಲೆಯೇ. ಆ ಜಗಳದ ನಡುವೆ ನಿಂತಿದ್ದವರು ಫಿಲೋ ಟೇಲರ್ ಫಾರ್ನ್ಸ್‌ವರ್ತ್ ಎಂಬ ರೈತನ ಮಗ. ಅವರ ಬದುಕನ್ನು ನನಗೆ ತಿಳಿದಷ್ಟು ನಿಮ್ಮ ಮುಂದಿಡುತ್ತಿದ್ದೇನೆ.

ತಿರುಗುವ ತಟ್ಟೆಯ ಟಿ.ವಿ.

ಮೊದಲು ಬೇರ್ಡ್ ಅವರ ವಿಷಯ, ಏಕೆಂದರೆ ಅವರಿಗೂ ಅನ್ಯಾಯವಾಗಬಾರದು. ಸ್ಕಾಟ್ಲೆಂಡಿನ ಬೇರ್ಡ್ 1926ರ ಜನವರಿ 26ರಂದು ಲಂಡನ್ನಿನಲ್ಲಿ ವಿಜ್ಞಾನಿಗಳ ಎದುರು ಚಲಿಸುವ ಮುಖವನ್ನು ಟಿ.ವಿ.ಯಲ್ಲಿ ತೋರಿಸಿದರು. ಅದು ನಿಜ. ಆದರೆ ಅವರ ಯಂತ್ರ ಮೋಟಾರಿನಿಂದ ತಿರುಗುವ ತಟ್ಟೆಯದು. ತಟ್ಟೆಯಲ್ಲಿ ಸುರುಳಿಯಾಗಿ ಕೊರೆದ ತೂತುಗಳ ಮೂಲಕ ಚಿತ್ರವನ್ನು ಚೂರು ಚೂರಾಗಿ ನೋಡುವ ಈ ಉಪಾಯವನ್ನು ಜರ್ಮನಿಯ ಪಾಲ್ ನಿಪ್ಕೋವ್ 1884ರಲ್ಲೇ ಪೇಟೆಂಟ್‌ಗೆ ಕೊಟ್ಟಿದ್ದರು. ಬೇರ್ಡ್ ಅವರ ಮೊದಲ ಚಿತ್ರಗಳಿಗೆ 30 ಗೆರೆಗಳಷ್ಟೇ. ತಟ್ಟೆಯನ್ನು ಎಷ್ಟು ಜೋರಾಗಿ ತಿರುಗಿಸಿದರೂ ಅದಕ್ಕೊಂದು ಮಿತಿ ಇದೆ. ನಾವು ನೀವು ನೋಡುತ್ತ ಬಂದ ಟಿ.ವಿ.ಗೆ ಆ ದಾರಿ ಬರಲಿಲ್ಲ. ಅದಕ್ಕೆ ಬೇಕಾಗಿದ್ದುದು ತೂಕವೇ ಇಲ್ಲದಂಥ, ಬೆಳಕಿನಷ್ಟು ಚುರುಕಾದ ಒಂದು ಕೈ. ಎಲೆಕ್ಟ್ರಾನ್ ಆ ಕೈ.

ಎಲೆಕ್ಟ್ರಾನ್ ಬಳಸಬಹುದು ಎಂಬುದು ಫಾರ್ನ್ಸ್‌ವರ್ತ್ ಒಬ್ಬರಿಗೇ ಹೊಳೆದದ್ದಲ್ಲ. ರಷ್ಯಾದ ಬೋರಿಸ್ ರೋಸಿಂಗ್ 1907ರಲ್ಲೇ ಚಿತ್ರ ಕಾಣಿಸುವ ಕಡೆ ಎಲೆಕ್ಟ್ರಾನ್ ಕೊಳವೆ ಇಡುವ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಇಂಗ್ಲೆಂಡಿನ ಕ್ಯಾಂಪ್‌ಬೆಲ್ ಸ್ವಿಂಟನ್ 1908ರಲ್ಲಿ ನೇಚರ್ ಪತ್ರಿಕೆಗೆ ಬರೆದ ಕಾಗದದಲ್ಲಿ ಎರಡೂ ಕಡೆ ಎಲೆಕ್ಟ್ರಾನ್ ಕೊಳವೆ ಇರಲಿ ಎಂದರು, ಆದರೆ ಯಂತ್ರ ಕಟ್ಟಿ ತೋರಿಸಲಿಲ್ಲ. ಜಪಾನಿನ ಕೆಂಜಿರೋ ತಕಯನಾಗಿ 1926ರ ಡಿಸೆಂಬರ್ 25ರಂದು ತಮ್ಮ ಭಾಷೆಯ ಒಂದು ಅಕ್ಷರವನ್ನು ಎಲೆಕ್ಟ್ರಾನ್ ಕೊಳವೆಯ ಮೇಲೆ ಮೂಡಿಸಿದರು. ಆದರೆ ಅವರ ಕ್ಯಾಮೆರಾ ಕಡೆ ಇನ್ನೂ ತಿರುಗುವ ತಟ್ಟೆಯೇ ಇತ್ತು. ಕಳಿಸುವ ಕಡೆಯೂ ಕಾಣಿಸುವ ಕಡೆಯೂ ತಟ್ಟೆ ಇಲ್ಲದೆ ಚಿತ್ರ ಮೂಡಿಸಿ ತೋರಿಸಬೇಕಿತ್ತು. ನಮ್ಮ ಕಥೆ ಅಲ್ಲಿಗೇ ಹೋಗುತ್ತದೆ.

ಆಲೂಗಡ್ಡೆ ಹೊಲದ ಹುಡುಗ

ಫಿಲೋ ಹುಟ್ಟಿದ್ದು 1906ರ ಆಗಸ್ಟ್ 19ರಂದು, ಅಮೆರಿಕದ ಯೂಟಾ ರಾಜ್ಯದ ಬೀವರ್ ಎಂಬ ಊರಿನ ಹತ್ತಿರ, ಅಜ್ಜ ಕಟ್ಟಿದ್ದ ಮರದ ದಿಮ್ಮಿಯ ಮನೆಯಲ್ಲಿ. ಐವರು ಮಕ್ಕಳಲ್ಲಿ ಹಿರಿಯ. ಮನೆಯಲ್ಲಿ ಕರೆಂಟ್ ಇರಲಿಲ್ಲ. ಹುಡುಗನಿಗೆ 12 ವರ್ಷವಾಗುವ ಹೊತ್ತಿಗೆ, 1918ರಲ್ಲಿ, ಸಂಸಾರ ಗಾಡಿ ಕಟ್ಟಿಕೊಂಡು ಪಕ್ಕದ ಐಡಹೋ ರಾಜ್ಯದ ರಿಗ್ಬಿ ಬಳಿಯ ನೆಂಟರ ಜಮೀನಿಗೆ ಹೋಯಿತು. ಅಲ್ಲಿ ವಿದ್ಯುತ್ ಜನರೇಟರ್ ಇತ್ತು. ಅಟ್ಟದ ಮೇಲೆ ಯಾರೋ ಬಿಟ್ಟುಹೋಗಿದ್ದ ವಿಜ್ಞಾನ ಪತ್ರಿಕೆಗಳ ಕಟ್ಟು ಸಿಕ್ಕಿತು. ಹುಡುಗನಿಗೆ ಇವೆರಡೇ ಸಾಕಾದವು.

ಜನರೇಟರ್ ಕೆಟ್ಟು ನಿಂತಾಗ ದೊಡ್ಡವರಿಗೆ ಆಗದ ರಿಪೇರಿಯನ್ನು ಇವನು ಮಾಡಿದ. ಸುಟ್ಟುಹೋದ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿ, ಅಮ್ಮ ಕೈಯಲ್ಲಿ ತಿರುಗಿಸುತ್ತಿದ್ದ ಬಟ್ಟೆ ಒಗೆಯುವ ಯಂತ್ರಕ್ಕೆ ಜೋಡಿಸಿಕೊಟ್ಟ. ಬೆಳಗಿನ ಜಾವ ನಾಲ್ಕಕ್ಕೆದ್ದು ಅಟ್ಟದ ಪತ್ರಿಕೆ ಓದಿ, ಆಮೇಲೆ ಹೊಲದ ಕೆಲಸಕ್ಕೆ ಹೋಗುತ್ತಿದ್ದನಂತೆ. ಆ ಪತ್ರಿಕೆಗಳಲ್ಲಿ ದೂರದಿಂದ ಚಿತ್ರ ಕಳಿಸುವ ಯಂತ್ರಗಳ ಸುದ್ದಿ ಇತ್ತು, ಎಲ್ಲವೂ ತಿರುಗುವ ತಟ್ಟೆಯವು. ಇದರಿಂದ ಆಗುವುದಿಲ್ಲ ಎಂಬುದು ಹುಡುಗನಿಗೆ ಖಾತ್ರಿಯಾಯಿತು.

1921ರ ಬೇಸಿಗೆ. ಹುಡುಗ ಕುದುರೆ ಹೂಡಿ ಆಲೂಗಡ್ಡೆ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದ. ತಿರುವಿನಲ್ಲಿ ನಿಂತು ಹಿಂದಕ್ಕೆ ನೋಡಿದರೆ ಸಾಲು, ಸಾಲಿನ ಪಕ್ಕ ಸಾಲು. ಇಡೀ ಹೊಲವನ್ನು ಒಮ್ಮೆಗೇ ಯಾರೂ ಹರಗುವುದಿಲ್ಲ, ಒಂದೊಂದೇ ಸಾಲು ಮುಗಿಸುತ್ತ ಹೋಗಬೇಕು. ಚಿತ್ರವನ್ನೂ ಹಾಗೆಯೇ, ಎಲೆಕ್ಟ್ರಾನಿನಿಂದ ಒಂದೊಂದೇ ಸಾಲಾಗಿ ಓದಿದರೆ? ಅತ್ತ ಕಡೆ ಅದೇ ಕ್ರಮದಲ್ಲಿ ಸಾಲಾಗಿ ಬರೆದರೆ? ಕಣ್ಣಿಗೆ ಹಿಂದಿನ ಸಾಲು ಮರೆಯುವ ಮೊದಲೇ ಕೊನೆಯ ಸಾಲು ಬಂದುಬಿಟ್ಟರೆ ಪೂರ್ತಿ ಚಿತ್ರ ಕಾಣುತ್ತದೆ. ಈ ಹೊಲದ ಕಥೆಯನ್ನು ಅವರೂ ಅವರ ಮನೆಯವರೂ ಕೊನೆಯವರೆಗೆ ಹೇಳಿಕೊಂಡು ಬಂದರು. ಹೊಲದಲ್ಲಿ ದುಡಿದ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ವರ್ಷ, 1922ರಲ್ಲಿ, ರಿಗ್ಬಿ ಹೈಸ್ಕೂಲಿನ ರಸಾಯನಶಾಸ್ತ್ರದ ಮೇಷ್ಟ್ರು ಜಸ್ಟಿನ್ ಟೋಲ್ಮನ್ ಅವರ ಕೋಣೆಯ ಕರಿಹಲಗೆಯ ಮೇಲೆ ಹುಡುಗ ತನ್ನ ಯಂತ್ರದ ಚಿತ್ರ ಬರೆದ. ಇವನು ಹಿರಿಯ ತರಗತಿಯ ಪಾಠಕ್ಕೂ ತಾನು ಕೂರುತ್ತೇನೆಂದು ಹಟ ಹಿಡಿದು ಬಂದ ಹುಡುಗ. ಮೇಷ್ಟ್ರು ನಗಲಿಲ್ಲ, ಗದರಲಿಲ್ಲ. ಪ್ರಶ್ನೆ ಕೇಳಿದರು, ಉತ್ತರ ಕೇಳಿಸಿಕೊಂಡರು. ಹುಡುಗ ನೋಟ್‌ಬುಕ್ಕಿನ ಹಾಳೆಯಲ್ಲೂ ಅದೇ ಚಿತ್ರ ಬರೆದುಕೊಟ್ಟ. ಮೇಷ್ಟ್ರು ಅದನ್ನು ಇಟ್ಟುಕೊಂಡರು. ಈ ಹಾಳೆ ಮುಂದೆ ಮತ್ತೆ ಬರುತ್ತದೆ.

ಚಂದಾ ಎತ್ತುವವರು ಕೊಟ್ಟ ಹಣ

1924ರ ಜನವರಿಯಲ್ಲಿ ತಂದೆ ನ್ಯುಮೋನಿಯಾದಿಂದ ತೀರಿಕೊಂಡರು. ಫಿಲೋಗೆ ಆಗ 17. ಹಿರಿಯ ಮಗನ ಹೆಗಲ ಮೇಲೆ ತಾಯಿ, ತಮ್ಮ ತಂಗಿಯರು. ನೌಕಾದಳ ಸೇರಿ ಅಷ್ಟೇ ಬೇಗ ಬಿಟ್ಟು ಬಂದರು. ಪ್ರೊವೊ ನಗರದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದಲ್ಲಿ ಓದು ಶುರುವಾಗಿತ್ತು, ಅದು ಪೂರ್ತಿಯಾಗಲಿಲ್ಲ. ಅಲ್ಲಿ ಪರಿಚಯವಾದವರು ಎಲ್ಮಾ ಗಾರ್ಡ್ನರ್, ಎಲ್ಲರೂ ಪೆಮ್ ಎಂದು ಕರೆಯುತ್ತಿದ್ದರು. ಅವರ ಅಣ್ಣ ಕ್ಲಿಫ್ ಗಾರ್ಡ್ನರ್.

1926ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಧರ್ಮಕಾರ್ಯಗಳಿಗೆ ಚಂದಾ ಎತ್ತುವ ಒಂದು ಅಭಿಯಾನ ನಡೆದಿತ್ತು. ಅದನ್ನು ನಡೆಸುತ್ತಿದ್ದ ಜಾರ್ಜ್ ಎವರ್ಸನ್ ಮತ್ತು ಲೆಸ್ಲಿ ಗೊರೆಲ್ ಅವರ ಬಳಿ ಫಿಲೋ ಕೂಲಿಗೆ ಸೇರಿದರು. ಕೆಲಸ ಮುಗಿದ ಸಂಜೆ ಮಾತಿನ ನಡುವೆ ತಮ್ಮ ಯಂತ್ರದ ಬಗ್ಗೆ ಹೇಳಿದರು. ಎವರ್ಸನ್ ತಮ್ಮ ಉಳಿತಾಯದ 6,000 ಡಾಲರ್ ಹಾಕಲು ಒಪ್ಪಿದರು. ಚಂದಾ ಎತ್ತುವವರೇ ಚಂದಾ ಕೊಟ್ಟ ಈ ಸಂಗತಿ ನಮ್ಮ ಸಂಘದ ಖಜಾಂಚಿಗಳಿಗೆ ಇಷ್ಟವಾಗಬಹುದು. ಮೇ 27ರಂದು ಫಿಲೋ ಮತ್ತು ಪೆಮ್ ಮದುವೆಯಾಯಿತು, ಮರುದಿನವೇ ದಂಪತಿ ಕ್ಯಾಲಿಫೋರ್ನಿಯಾದ ದಾರಿ ಹಿಡಿದರು. ಮನೆಯ ಪರದೆ ಮುಚ್ಚಿಕೊಂಡು ಗಾಜಿನ ಕೊಳವೆ, ತಂತಿ ಹರಡಿಕೊಂಡು ಕೂತ ಇವರನ್ನು ಕಂಡು, ಕಳ್ಳಭಟ್ಟಿ ಇಳಿಸುತ್ತಿದ್ದಾರೆಂದು ಪೊಲೀಸರು ಬಂದಿದ್ದರೆಂದೂ ಹೇಳುತ್ತಾರೆ. ಅಮೆರಿಕದಲ್ಲಿ ಪಾನನಿಷೇಧವಿದ್ದ ಕಾಲ ಅದು.

ಆ ಹಣ ಸಾಲದೆ, ಸ್ಯಾನ್ ಫ್ರಾನ್ಸಿಸ್ಕೋದ ಕ್ರೋಕರ್ ಬ್ಯಾಂಕಿನ ಸಾಹುಕಾರರು 25,000 ಡಾಲರ್ ಹಾಕಿ, ಬದಲಿಗೆ ಕಂಪನಿಯ ನೂರಕ್ಕೆ 60 ಪಾಲು ತೆಗೆದುಕೊಂಡರು. ನಗರದ ಗ್ರೀನ್ ಸ್ಟ್ರೀಟ್, ನಂಬರ್ 202ರ ಮಹಡಿಯಲ್ಲಿ ಪ್ರಯೋಗಶಾಲೆ ಆಯಿತು. ಭಾವ ಕ್ಲಿಫ್ ಗಾಜು ಊದುವುದನ್ನು ಅಲ್ಲೇ ಕಲಿತು, ಬೇರೆಯವರು ಆಗದೆಂದ ಕೊಳವೆಗಳನ್ನು ಮಾಡಿಕೊಟ್ಟರು. ಪೆಮ್ ನಕಾಶೆ ಬರೆದರು, ಲೆಕ್ಕ ಇಟ್ಟರು.

1927ರ ಜನವರಿ 7. ಈ ತಾರೀಖನ್ನು ಗುರುತು ಹಾಕಿಕೊಳ್ಳಿ. ಅಂದು 20 ವರ್ಷದ ಫಿಲೋ ಫಾರ್ನ್ಸ್‌ವರ್ತ್ ಅವರ ಟಿ.ವಿ. ಪದ್ಧತಿಯ ಪೇಟೆಂಟ್ ಅರ್ಜಿ ಕಚೇರಿಗೆ ದಾಖಲಾಯಿತು. ಅದೇ ವರ್ಷ ಸೆಪ್ಟೆಂಬರ್ 7ರಂದು ಕ್ಲಿಫ್ ಒಂದು ಕೋಣೆಯಲ್ಲಿ ಗೆರೆ ಎಳೆದ ಗಾಜಿನ ತುಂಡನ್ನು ಕ್ಯಾಮೆರಾದ ಮುಂದಿಟ್ಟರು. ಇನ್ನೊಂದು ಕೋಣೆಯ ಕೊಳವೆಯ ಮೇಲೆ ಆ ಗೆರೆ ಮೂಡಿತು. ಗಾಜನ್ನು ತಿರುಗಿಸಿದರೆ ಗೆರೆಯೂ ತಿರುಗಿತು. ಚಿತ್ರ ಓದುವುದಕ್ಕಾಗಲಿ ಬರೆಯುವುದಕ್ಕಾಗಲಿ ತಿರುಗುವ ತಟ್ಟೆ ಇರಲಿಲ್ಲ. 1929ರಲ್ಲಿ ಪೆಮ್ ಅವರ ಮುಖವೇ ಪರದೆಗೆ ಬಂತು. ದೀಪದ ಬೆಳಕು ಎಷ್ಟು ಪ್ರಖರವಾಗಿತ್ತೆಂದರೆ ಆ ಚಿತ್ರದಲ್ಲಿ ಅವರು ಕಣ್ಣು ಮುಚ್ಚಿಕೊಂಡಿದ್ದರು. 1930ರ ಆಗಸ್ಟ್ 26ರಂದು ಪೇಟೆಂಟ್ ಸಿಕ್ಕಿತು, ನಂಬರ್ 17,73,980.

ಎರಡು ಕ್ಯಾಮೆರಾಗಳು

ಅಷ್ಟೊಂದು ದೀಪ ಏಕೆ ಬೇಕಾಯಿತು ಎಂಬುದನ್ನು ತಿಳಿದರೆ ಮುಂದಿನ ಜಗಳ ಅರ್ಥವಾಗುತ್ತದೆ. ಫಾರ್ನ್ಸ್‌ವರ್ತ್ ಕ್ಯಾಮೆರಾದ ಹೆಸರು ಇಮೇಜ್ ಡಿಸೆಕ್ಟರ್. ಲೆನ್ಸ್ ಮೂಲಕ ಬಂದ ಚಿತ್ರ ಒಂದು ಲೇಪಿತ ತಟ್ಟೆಯ ಮೇಲೆ ಬೀಳುತ್ತದೆ. ಬೆಳಕು ಹೆಚ್ಚು ಬಿದ್ದಲ್ಲಿ ಹೆಚ್ಚು, ಕಡಿಮೆ ಬಿದ್ದಲ್ಲಿ ಕಡಿಮೆ ಎಲೆಕ್ಟ್ರಾನ್‌ಗಳು ಹೊರಡುತ್ತವೆ. ಅಂದರೆ ಬೆಳಕಿನ ಚಿತ್ರವೇ ಎಲೆಕ್ಟ್ರಾನಿನ ಚಿತ್ರವಾಗುತ್ತದೆ. ಆ ಇಡೀ ಚಿತ್ರವನ್ನು ಆಯಸ್ಕಾಂತದ ಸುರುಳಿಗಳಿಂದ ಒಂದು ಸಣ್ಣ ತೂತಿನ ಮುಂದೆ ಸಾಲು ಸಾಲಾಗಿ ಹಾಯಿಸುತ್ತಾರೆ. ಆ ಕ್ಷಣ ತೂತಿಗೆ ಬಿದ್ದಷ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ, ಉಳಿದದ್ದು ವ್ಯರ್ಥ. ಮಳೆ ಬರುವಾಗ ಒಂದೇ ಲೋಟ ಹಿಡಿದು ಮಾಳಿಗೆ ತುಂಬ ಓಡಾಡಿದ ಹಾಗೆ.

ರಷ್ಯಾದಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ವ್ಲಾದಿಮಿರ್ ಜ್ವೊರಿಕಿನ್ ಅವರ ದಾರಿ ಬೇರೆ. ಅವರು ಆ ಮೊದಲು ಹೇಳಿದ ರೋಸಿಂಗ್ ಅವರ ಶಿಷ್ಯರು. 1923ರ ಡಿಸೆಂಬರ್ 29ರಂದು, ಫಾರ್ನ್ಸ್‌ವರ್ತ್ ಅರ್ಜಿಗೆ ಮೂರು ವರ್ಷ ಮೊದಲು, ಅವರೂ ಎಲೆಕ್ಟ್ರಾನ್ ಟಿ.ವಿ.ಗೆ ಪೇಟೆಂಟ್ ಅರ್ಜಿ ಹಾಕಿದ್ದರು. ಮುಂದೆ 1931ರ ಹೊತ್ತಿಗೆ ಅವರು ರೂಪಿಸಿದ ಐಕೊನೋಸ್ಕೋಪ್ ಕ್ಯಾಮೆರಾದಲ್ಲಿ ತಟ್ಟೆಯ ತುಂಬ ಸಣ್ಣ ಸಣ್ಣ ಕಣಗಳು. ಪ್ರತಿಯೊಂದು ಕಣವೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಕೂಡಿಟ್ಟುಕೊಂಡು ಸರದಿ ಬಂದಾಗ ಒಪ್ಪಿಸುತ್ತದೆ. ಮಾಳಿಗೆ ತುಂಬ ಕೊಡ ಇಟ್ಟು ಒಂದೊಂದನ್ನೇ ಬಗ್ಗಿಸಿಕೊಂಡ ಹಾಗೆ. ಕಡಿಮೆ ಬೆಳಕಿನಲ್ಲೂ ಕೆಲಸ ನಡೆಯುತ್ತದೆ. ಹೀಗೆ ಕೂಡಿಡುವ ಉಪಾಯವನ್ನು 1926ರಲ್ಲೇ ಬರೆದಿಟ್ಟವರು ಹಂಗೇರಿಯ ಕಾಲ್ಮಾನ್ ತಿಹಾನ್ಯಿ. ಅವರ ಪೇಟೆಂಟುಗಳನ್ನು ಮುಂದೆ ಆರ್.ಸಿ.ಎ. ಕಂಪನಿ ಕೊಂಡುಕೊಂಡಿತು.

1930ರ ಏಪ್ರಿಲ್‌ನಲ್ಲಿ ಜ್ವೊರಿಕಿನ್ ಗ್ರೀನ್ ಸ್ಟ್ರೀಟಿಗೆ ಬಂದು ಮೂರು ದಿನ ಇದ್ದರು. ದೊಡ್ಡ ಕಂಪನಿಯಿಂದ ಬಂಡವಾಳ ಬರಬಹುದೆಂಬ ಆಸೆಯಿಂದ ಫಾರ್ನ್ಸ್‌ವರ್ತ್ ಎಲ್ಲವನ್ನೂ ಬಿಚ್ಚಿ ತೋರಿಸಿದರು. ಪೆಮ್ ಮನೆಗೆ ಕರೆದು ಊಟ ಹಾಕಿದರು. ಜ್ವೊರಿಕಿನ್ ಮನಸಾರೆ ಮೆಚ್ಚಿದರು, ಆದರೆ ಹಿಂದಿರುಗುವಾಗ ತಮ್ಮ ಹಳೆಯ ಪ್ರಯೋಗಶಾಲೆಯಲ್ಲಿ ಅದೇ ರೀತಿಯ ಕೊಳವೆ ಮಾಡಿಸಿ ನೋಡಿದರು. ಅವರು ಆಗಷ್ಟೇ ಆರ್.ಸಿ.ಎ.ಗೆ ಸೇರಿದ್ದರು. ಆರ್.ಸಿ.ಎ. ಎಂದರೆ ಆ ಕಾಲದ ಅಮೆರಿಕದ ರೇಡಿಯೋ ಸಾಮ್ರಾಜ್ಯ. ಅದರ ಅಧ್ಯಕ್ಷರು ಡೇವಿಡ್ ಸಾರ್ನಾಫ್, ಅವರೂ ಬಡತನದಲ್ಲಿ ವಲಸೆ ಬಂದು ತಂತಿ ಕಳಿಸುವ ಕೆಲಸದಿಂದ ಮೇಲೆ ಬಂದವರು. ರೇಡಿಯೋ ಮಾಡುವವರೆಲ್ಲ ಆರ್.ಸಿ.ಎ.ಗೆ ರಾಯಲ್ಟಿ ಕೊಡಬೇಕು, ಆರ್.ಸಿ.ಎ. ಯಾರಿಗೂ ಕೊಡುವುದಿಲ್ಲ ಎಂಬುದು ಅವರ ಪದ್ಧತಿ. 1931ರಲ್ಲಿ ಸಾರ್ನಾಫ್ ತಾವೇ ಪ್ರಯೋಗಶಾಲೆ ನೋಡಿ ಹೋದರು, ಫಾರ್ನ್ಸ್‌ವರ್ತ್ ಊರಲ್ಲಿರಲಿಲ್ಲ. ಎಲ್ಲವನ್ನೂ ಸೇರಿಸಿ 1,00,000 ಡಾಲರಿಗೆ ಕೇಳಿದರು. ಫಾರ್ನ್ಸ್‌ವರ್ತ್ ಮಾರಲಿಲ್ಲ. ತಮ್ಮ ಪೇಟೆಂಟ್ ತಮ್ಮಲ್ಲೇ ಇರಬೇಕು, ಬಳಸುವವರು ಬಾಡಿಗೆ ಕೊಡಲಿ ಎಂಬುದು ಅವರ ನಿಲುವು.

ಅರ್ಜಿ, ತಾರೀಖು, ತೀರ್ಪು

ಅದೇ ವರ್ಷ ಫಾರ್ನ್ಸ್‌ವರ್ತ್ ಫಿಲಡೆಲ್ಫಿಯಾಕ್ಕೆ ಹೋಗಿ ಫಿಲ್ಕೊ ಕಂಪನಿಯ ಆಶ್ರಯದಲ್ಲಿ ಕೆಲಸ ಮುಂದುವರಿಸಿದರು. 1932ರಲ್ಲಿ ಅವರ ಎರಡನೇ ಮಗು ಕೆನ್ನಿ, ಇನ್ನೂ ಒಂದು ವರ್ಷ ಚಿಲ್ಲರೆ, ಗಂಟಲಿನ ಸೋಂಕಿನಿಂದ ತೀರಿಕೊಂಡಿತು. ಮಗುವಿನ ದೇಹವನ್ನು ಯೂಟಾಕ್ಕೆ ಒಯ್ದು ಮಣ್ಣು ಮಾಡಲು ಪೆಮ್ ಒಬ್ಬರೇ ರೈಲು ಹತ್ತಿದರು, ಗಂಡ ಕೆಲಸದಲ್ಲೇ ಉಳಿದರು. ಆ ಪ್ರಯಾಣದ ನೋವು ಇಬ್ಬರ ನಡುವೆ ಬಹಳ ಕಾಲ ಉಳಿಯಿತು. ಫಿಲ್ಕೊ ಜೊತೆಗಿನ ಒಪ್ಪಂದವೂ 1933ಕ್ಕೆ ಮುಗಿಯಿತು.

ಇಷ್ಟರಲ್ಲಿ ಪೇಟೆಂಟ್ ಕಚೇರಿಯಲ್ಲಿ ದಾವೆ ಶುರುವಾಗಿತ್ತು. ಆರ್.ಸಿ.ಎ. ಕಡೆಯವರ ವಾದ ಸರಳ: ಜ್ವೊರಿಕಿನ್ ಅರ್ಜಿ 1923ರದು, ಫಾರ್ನ್ಸ್‌ವರ್ತ್ ಅರ್ಜಿ 1927ರದು, ಮೊದಲು ಬಂದವರಿಗೆ ಹಕ್ಕು. ತಾರೀಖು ಮಾತ್ರ ನೋಡಿದರೆ ಅವರದೇ ಸರಿ. ಫಾರ್ನ್ಸ್‌ವರ್ತ್ ಕಡೆಯವರು ತಮ್ಮ ಯೋಚನೆ 1922ರದೆಂದು ತೋರಿಸಲು ಹಳೆಯ ಮೇಷ್ಟ್ರು ಟೋಲ್ಮನ್ ಅವರನ್ನು ಹುಡುಕಿ ಹಿಡಿದರು. ಕರಿಹಲಗೆಯ ಮೇಲೆ ಹುಡುಗ ಬರೆದದ್ದನ್ನು, ತಾವು ಕೇಳಿದ್ದನ್ನು ಮೇಷ್ಟ್ರು ಪ್ರಮಾಣ ಮಾಡಿ ಹೇಳಿದರು. ಹಾಳೆಯ ಆ ಚಿತ್ರ ಇಮೇಜ್ ಡಿಸೆಕ್ಟರಿನದೇ.

ಮೇಷ್ಟ್ರ ಹಾಳೆಯಿಂದಲೇ ದಾವೆ ಗೆದ್ದಿತು ಎಂದು ಅನೇಕ ಕಡೆ ಬರೆದಿರುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ತೀರ್ಪು ನಿಂತದ್ದು ಮುಖ್ಯವಾಗಿ ಇನ್ನೊಂದು ಕಾಗದದ ಮೇಲೆ, ಅಂದರೆ ಜ್ವೊರಿಕಿನ್ ಅವರ 1923ರ ಅರ್ಜಿಯ ಮೇಲೆಯೇ. ಬೆಳಕಿನ ಚಿತ್ರ ಪೂರ್ತಿಯಾಗಿ ವಿದ್ಯುತ್ತಿನ ಚಿತ್ರವಾಗಿ, ಆ ವಿದ್ಯುತ್ ಚಿತ್ರವನ್ನು ಸಾಲಾಗಿ ಓದುವುದು ಫಾರ್ನ್ಸ್‌ವರ್ತ್ ಪೇಟೆಂಟಿನ ಜೀವಾಳ. 1923ರಲ್ಲಿ ಸಲ್ಲಿಸಿದಾಗ ಇದ್ದ ರೂಪದಲ್ಲಿ ಜ್ವೊರಿಕಿನ್ ಅರ್ಜಿ ಅಂಥ ಸಾಧನವನ್ನು ವಿವರಿಸಿರಲಿಲ್ಲ. ಆ ಕಾಲದಲ್ಲಿ ಅದನ್ನು ಕಟ್ಟಿ ನಡೆಸಿದ್ದಕ್ಕೂ ಒಪ್ಪುವಂಥ ಪುರಾವೆ ಬರಲಿಲ್ಲ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರ ಮರ್ಮ ತಿಳಿಯುತ್ತದೆ. ಅರ್ಜಿ ಮೊದಲು ಬಂದರೆ ಸಾಲದು, ಕೇಳಿದ್ದು ಅರ್ಜಿಯೊಳಗೆ ಬರೆದಿರಬೇಕು. 1935ರ ಜುಲೈ 22ರ ತೀರ್ಪು ಮೊದಲಿಗನೆಂಬ ಹಕ್ಕನ್ನು ಫಾರ್ನ್ಸ್‌ವರ್ತ್ ಅವರಿಗೆ ಕೊಟ್ಟಿತು. 1936ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಹಾಗೆಂದು ಜ್ವೊರಿಕಿನ್ ಬರಿಗೈಯಲ್ಲಿ ಉಳಿಯಲಿಲ್ಲ. ಅವರ 1923ರ ಅರ್ಜಿಗೆ ತಿದ್ದುಪಡಿ, ಕೋರ್ಟು ಎಲ್ಲ ದಾಟಿ 1938ರ ಡಿಸೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಹೀಗೆ ಎರಡು ಕಡೆಯವರ ಕೈಯಲ್ಲೂ ಕಾಗದ ಉಳಿದದ್ದೇ ಇಂದಿನವರೆಗೆ ವಾದ ಮುಗಿಯದಿರುವುದಕ್ಕೆ ಕಾರಣ.

ಗೆದ್ದ ಮೇಲೆ

1934ರ ಆಗಸ್ಟಿನಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನಲ್ಲಿ ಫಾರ್ನ್ಸ್‌ವರ್ತ್ ಸಾರ್ವಜನಿಕರಿಗೆ ಟಿ.ವಿ. ತೋರಿಸಿದರು. ಒಳಗೆ ಬರುವವರ ಮುಖ ಅವರಿಗೇ ಪರದೆಯಲ್ಲಿ ಕಾಣುತ್ತಿತ್ತು. ಚಂದ್ರನನ್ನೂ ಹಿಡಿದು ತೋರಿಸಿದರು. ತಟ್ಟೆಯ ಕಾಲ ಮುಗಿಯಿತೆಂದು ಅರಿತ ಬೇರ್ಡ್ ಕಂಪನಿಯೇ ಇಂಗ್ಲೆಂಡಿನಲ್ಲಿ ಫಾರ್ನ್ಸ್‌ವರ್ತ್ ಕ್ಯಾಮೆರಾ ಬಳಸಲು ಲೈಸೆನ್ಸ್ ಪಡೆಯಿತು. ನನ್ನ ಉತ್ತರದ ಹಾಳೆಯಲ್ಲಿದ್ದ ಹೆಸರಿನ ಕಂಪನಿ ನಮ್ಮ ಹುಡುಗಿ ಹೇಳಿದ ಹೆಸರಿನವರ ಹತ್ತಿರ ಹೋಗಿತ್ತು ಎಂದು ಓದಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ 1936ರ ನವೆಂಬರ್ 30ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಬಿದ್ದು, ಅಲ್ಲಿದ್ದ ಬೇರ್ಡ್ ಕಂಪನಿಯ ಸಾಮಾನು ಸುಟ್ಟುಹೋಯಿತು. 1937ರಲ್ಲಿ ಬಿ.ಬಿ.ಸಿ. ಎದುರು ಕಂಪನಿಯ ಪದ್ಧತಿಯನ್ನೇ ಆರಿಸಿಕೊಂಡಿತು.

1939ರ ಏಪ್ರಿಲ್ 20ರಂದು ನ್ಯೂಯಾರ್ಕಿನ ವಿಶ್ವಮೇಳದ ಮೈದಾನದಲ್ಲಿ ಸಾರ್ನಾಫ್ ಟಿ.ವಿ. ಕ್ಯಾಮೆರಾ ಮುಂದೆ ನಿಂತು ಹೊಸ ಯುಗ ಬಂತೆಂದು ಸಾರಿದರು. ಜನರ ಮನಸ್ಸಿನಲ್ಲಿ ಟಿ.ವಿ. ಎಂದರೆ ಆರ್.ಸಿ.ಎ. ಎಂದು ಅಚ್ಚಾಯಿತು. ಆದರೆ ಅದೇ ವರ್ಷ ಅದೇ ಆರ್.ಸಿ.ಎ. ಫಾರ್ನ್ಸ್‌ವರ್ತ್ ಅವರ ಪೇಟೆಂಟ್ ಬಳಸುವುದಕ್ಕೆ ಹತ್ತು ವರ್ಷದಲ್ಲಿ 10 ಲಕ್ಷ ಡಾಲರ್ ಮತ್ತು ರಾಯಲ್ಟಿ ಕೊಡಲು ಸಹಿ ಹಾಕಿತು. ಯಾರಿಗೂ ರಾಯಲ್ಟಿ ಕೊಡದ ಕಂಪನಿ ಮೊದಲ ಸಲ ಕೈ ಬಿಚ್ಚಿತ್ತು. ಮೇಳದ ಸುದ್ದಿ ಊರಿಗೆಲ್ಲ ತಿಳಿಯಿತು, ಸಹಿಯ ಸುದ್ದಿ ಕಡತದಲ್ಲಿ ಉಳಿಯಿತು.

ಫಾರ್ನ್ಸ್‌ವರ್ತ್ ಅವರ ಕಂಪನಿ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ನಲ್ಲಿ ಕಾರ್ಖಾನೆ ತೆರೆಯಿತು. ಅಷ್ಟರಲ್ಲಿ ಯುದ್ಧ ಬಂತು. 1942ರಲ್ಲಿ ಟಿ.ವಿ. ತಯಾರಿಕೆ ನಿಂತಿತು. ಆ ಕಾಲದ ಕಾನೂನಿನಲ್ಲಿ ಪೇಟೆಂಟಿನ ಆಯುಷ್ಯ ಸಿಕ್ಕ ದಿನದಿಂದ 17 ವರ್ಷ. 1930ಕ್ಕೆ 17 ಕೂಡಿಸಿ, 1947. ಯುದ್ಧ ಮುಗಿದು ಜನ ಅಂಗಡಿಗೆ ಹೋಗಿ ಟಿ.ವಿ. ಕೊಳ್ಳಲು ಶುರು ಮಾಡಿದ ಹೊತ್ತಿಗೆ ಮೂಲ ಪೇಟೆಂಟಿನ ಅವಧಿ ಮುಗಿದಿತ್ತು. ದಾವೆಯಲ್ಲಿ ಗೆದ್ದವರು ಕ್ಯಾಲೆಂಡರಿನ ಮುಂದೆ ಸೋತರು.

ದೇಹ ಅದಕ್ಕೂ ಮೊದಲೇ ಸೋತಿತ್ತು. ವರ್ಷಗಟ್ಟಲೆ ನಿದ್ದೆಗೆಟ್ಟ ದುಡಿಮೆ, ಸಾಕ್ಷಿ, ವಕೀಲರು, ಪಾಲುದಾರರ ಒತ್ತಡ, ಅದರ ಜೊತೆಗೆ ಕುಡಿತ. ನರಗಳ ದೌರ್ಬಲ್ಯದಿಂದ ಹಾಸಿಗೆ ಹಿಡಿದರು. ಚೇತರಿಸಿಕೊಳ್ಳಲು ಮೇನ್ ರಾಜ್ಯದ ಫ್ರೈಬರ್ಗ್‌ನಲ್ಲಿ ಮಾಡಿಕೊಂಡಿದ್ದ ಮನೆ 1947ರ ಕಾಡ್ಗಿಚ್ಚಿಗೆ ಆಹುತಿಯಾಯಿತು. 1949ರಲ್ಲಿ ಕಂಪನಿಯನ್ನು ಐ.ಟಿ.ಟಿ. ಎಂಬ ದೊಡ್ಡ ಸಂಸ್ಥೆ ಕೊಂಡಿತು. ಎಲ್ಲ ತಪ್ಪೂ ಎದುರಾಳಿಗಳದ್ದೇ ಎನ್ನಲಾಗದು. ಕ್ಯಾಮೆರಾವನ್ನು ಇನ್ನಷ್ಟು, ಮತ್ತಷ್ಟು ಉತ್ತಮ ಮಾಡುವ ಹಂಬಲದಲ್ಲಿ ಅವರು ಮಾರುಕಟ್ಟೆಯ ಕಡೆ ನೋಡಿದ್ದು ಕಡಿಮೆ. ಬೆಳಕಿನ ವಿಷಯದಲ್ಲಿ ಐಕೊನೋಸ್ಕೋಪ್ ಮುಂದಿತ್ತೆಂಬುದೂ ಸುಳ್ಳಲ್ಲ. ಯುದ್ಧಾನಂತರ ಸ್ಟುಡಿಯೋಗಳಲ್ಲಿ ಮೆರೆದ ಇಮೇಜ್ ಆರ್ಥಿಕಾನ್ ಕ್ಯಾಮೆರಾದಲ್ಲಿ ಎಲೆಕ್ಟ್ರಾನ್ ಚಿತ್ರ ಮಾಡುವ ಭಾಗವೂ ಇತ್ತು, ವಿದ್ಯುತ್ ಕೂಡಿಡುವ ಭಾಗವೂ ಇತ್ತು. ಕೋರ್ಟಿನಲ್ಲಿ ಹೊಡೆದಾಡಿದ ಎರಡು ಯೋಚನೆಗಳು ಒಂದೇ ಗಾಜಿನೊಳಗೆ ಸಂಸಾರ ಹೂಡಿದವು.

1957ರಲ್ಲಿ ಅಮೆರಿಕದ ಒಂದು ಟಿ.ವಿ. ಆಟದಲ್ಲಿ ಅವರನ್ನು ಹೆಸರು ಹೇಳದೆ ಕೂರಿಸಿದರು. ಇವರ ಗುಟ್ಟೇನೆಂದು ನಾಲ್ಕು ಜನ ಪ್ರಸಿದ್ಧರು ಕಂಡುಹಿಡಿಯಬೇಕು. ಯಾರಿಗೂ ಆಗಲಿಲ್ಲ. ಟಿ.ವಿ. ಕಂಡುಹಿಡಿದವರನ್ನು ಟಿ.ವಿ.ಯವರೇ ಗುರುತಿಸಲಿಲ್ಲ. 80 ಡಾಲರ್ ಮತ್ತು ಸಿಗರೇಟಿನ ಪೆಟ್ಟಿಗೆ ಬಹುಮಾನವಾಗಿ ಬಂತು. ಆಮೇಲಿನ ವರ್ಷಗಳಲ್ಲಿ ಅವರ ಮನಸ್ಸು ಅಣು ಸಮ್ಮಿಲನದ ಕಡೆ ಹೊರಳಿತು. ಫ್ಯೂಸರ್ ಎಂಬ ಸಣ್ಣ ಯಂತ್ರ ಮಾಡಿದರು. ಐ.ಟಿ.ಟಿ. ಹಣ ನಿಲ್ಲಿಸಿದಾಗ 1967ರಲ್ಲಿ ಯೂಟಾಕ್ಕೆ ಮರಳಿ ಸ್ವಂತ ಕಂಪನಿ ಮಾಡಿದರು, ಇದ್ದಬದ್ದದ್ದೆಲ್ಲ ಅದಕ್ಕೆ ಹಾಕಿದರು. ಅದೂ ಮುಚ್ಚಿತು. ಓದು ಅರ್ಧಕ್ಕೆ ನಿಂತಿದ್ದ ಬ್ರಿಗಂ ಯಂಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

1969ರ ಜುಲೈ 20ರಂದು ಚಂದ್ರನ ಮೇಲೆ ಮನುಷ್ಯ ಇಳಿದದ್ದನ್ನು ದಂಪತಿ ಮನೆಯ ಟಿ.ವಿ.ಯಲ್ಲಿ ಕುಳಿತು ನೋಡಿದರು. ಪಟ್ಟ ಕಷ್ಟಕ್ಕೆಲ್ಲ ಅಂದು ಫಲ ಸಿಕ್ಕಿತೆಂದು ಪತಿ ಹೇಳಿದ್ದನ್ನು ಪೆಮ್ ಮುಂದೆ ನೆನೆಯುತ್ತಿದ್ದರು. 1971ರ ಮಾರ್ಚ್ 11ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ, ತಂದೆಯ ಹಾಗೆ ನ್ಯುಮೋನಿಯಾದಿಂದಲೇ, ಫಾರ್ನ್ಸ್‌ವರ್ತ್ ತೀರಿಕೊಂಡರು. ವಯಸ್ಸು 64. ದೇಶ ವಿದೇಶದ್ದೆಲ್ಲ ಸೇರಿ ಸುಮಾರು 300 ಪೇಟೆಂಟ್ ಅವರ ಹೆಸರಿನಲ್ಲಿದ್ದವು.

ಮಕ್ಕಳು ನಿಲ್ಲಿಸಿದ ಪ್ರತಿಮೆ

ಅವರ ಹೆಸರು ಮರೆಯದಂತೆ ನೋಡಿಕೊಂಡವರು ಪೆಮ್. ಕಾಗದಗಳನ್ನು ಜೋಪಾನ ಮಾಡಿದರು, ಪುಸ್ತಕ ಬರೆದರು, 98ರ ವಯಸ್ಸಿನಲ್ಲಿ, 2006ರಲ್ಲಿ, ತೀರಿಕೊಳ್ಳುವವರೆಗೂ ಹೇಳುತ್ತಲೇ ಇದ್ದರು. 1983ರಲ್ಲಿ ಅಮೆರಿಕದ ಅಂಚೆ ಇಲಾಖೆ ಫಾರ್ನ್ಸ್‌ವರ್ತ್ ಚಿತ್ರದ ಅಂಚೆಚೀಟಿ ತಂದಿತು. ಯೂಟಾದ ಒಂದು ಪ್ರಾಥಮಿಕ ಶಾಲೆಯ ಮಕ್ಕಳು, ನಮ್ಮ ರಾಜ್ಯದವರೊಬ್ಬರನ್ನು ದೇಶ ಮರೆತಿದೆ ಎಂದು ಶಾಸಕರ ಬೆನ್ನು ಹತ್ತಿದರು. ಅದರ ಫಲವಾಗಿ 1990ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಯೂಟಾ ರಾಜ್ಯದ ಪರವಾಗಿ ಅವರ ಪ್ರತಿಮೆ ನಿಂತಿತು. 2024ರಲ್ಲಿ ಅದರ ಜಾಗಕ್ಕೆ ಯೂಟಾದ ವೈದ್ಯೆ, ಆ ದೇಶದ ರಾಜ್ಯ ಸೆನೆಟ್ಟಿಗೆ ಆರಿಸಿ ಬಂದ ಮೊದಲ ಮಹಿಳೆ ಮಾರ್ತಾ ಹ್ಯೂಸ್ ಕ್ಯಾನನ್ ಅವರ ಪ್ರತಿಮೆ ಬಂದಿದೆ. ಪ್ರತಿಮೆಗಳಿಗೂ ವರ್ಗಾವಣೆ ಇರುತ್ತದೆ.

ನಮ್ಮ ಕಡೆಗೆ ಟಿ.ವಿ. ಬಂದದ್ದು ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ನೆರವಿನಿಂದ ದೇಶದ ಸುಮಾರು 2,400 ಹಳ್ಳಿಗಳಲ್ಲಿ ನಡೆದ ಸೈಟ್ ಪ್ರಯೋಗ ಹಿರಿಯ ಸದಸ್ಯರಿಗೆ ನೆನಪಿರಬಹುದು. ಕರ್ನಾಟಕದ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಆಂಧ್ರದ ಕರ್ನೂಲು ಜಿಲ್ಲೆಯೂ ಅದರಲ್ಲಿದ್ದವು. ಗಡಿ ದಾಟಿ ಸೋದರಮಾವನ ಊರಿಗೆ ಹೋದಾಗ, ಶಾಲೆಯ ಮಾಳಿಗೆ ಮೇಲೆ ಜಾಳಿಗೆಯ ದೊಡ್ಡ ಬುಟ್ಟಿಯಂಥ ಆಂಟೆನಾ, ಕಟ್ಟೆಯ ಮೇಲೆ ಪೆಟ್ಟಿಗೆ, ಅದರೊಳಗೆ ಕನ್ನಡ ಮಾತಾಡುವ ಮನುಷ್ಯರನ್ನು ನಾನು ಮೊದಲು ಕಂಡೆ. ನನಗೂ ಆಗ ಹದಿನೈದರ ಆಸುಪಾಸು. ಹತ್ತಿರ ಹೋಗಿ ಕಣ್ಣಿಟ್ಟು ನೋಡಿದಾಗ ಕಂಡದ್ದು ಗೆರೆಗಳು, ಸಾಲಿನ ಕೆಳಗೆ ಸಾಲು. ಅದು ಹೊಲದ ಸಾಲೆಂದು ತಿಳಿಯಲು ಐವತ್ತು ವರ್ಷ ಬೇಕಾಯಿತು.

ಈಗ ನನ್ನ ತಪ್ಪಿನ ವಿಷಯ. ಟಿ.ವಿ. ಕಂಡುಹಿಡಿದವರು ಯಾರು ಎಂಬ ಪ್ರಶ್ನೆಯನ್ನು ಹಾಗೆ ಕೇಳಬಾರದಿತ್ತು. ತಟ್ಟೆಯ ಟಿ.ವಿ. ತೋರಿಸಿದವರು ಬೇರ್ಡ್, ದಾರಿ ಹೇಳಿದವರು ಹಲವರು, ಕ್ಯಾಮೆರಾ ಬಲಪಡಿಸಿದವರು ಜ್ವೊರಿಕಿನ್ ಮತ್ತು ತಿಹಾನ್ಯಿ. ಎರಡೂ ಕಡೆ ಎಲೆಕ್ಟ್ರಾನಿನಿಂದಲೇ ನಡೆಯುವ ಟಿ.ವಿ.ಯನ್ನು ಮೊದಲು ಕಟ್ಟಿ, ಪೇಟೆಂಟ್ ಪಡೆದು, ದಾವೆಯಲ್ಲೂ ಉಳಿಸಿಕೊಂಡವರು ಫಾರ್ನ್ಸ್‌ವರ್ತ್. ಹುಡುಗಿಯ ಉತ್ತರ ಸರಿ. ಸಂಘದ ದಾಖಲೆ ಪುಸ್ತಕದಲ್ಲಿ ಆ ಅಂಕವನ್ನು ಸೇರಿಸಿ, ತಾರೀಖು ಹಾಕಿ, ಸಹಿ ಮಾಡಿದ್ದೇನೆ. ಅದರಿಂದ ಎರಡೂ ತಂಡಗಳು ಸಮವಾಗುತ್ತವೆ, ಮೊದಲ ಬಹುಮಾನದ ಪುಸ್ತಕಗಳು ಅವಳ ತಂಡಕ್ಕೂ ತಲುಪಲಿವೆ. ಅಜ್ಜನವರಿಗೆ ನನ್ನ ನಮಸ್ಕಾರ.

ಮುಂದಿನ ವರ್ಷದ ರಸಪ್ರಶ್ನೆಗೆ ಉತ್ತರದ ಹಾಳೆ ಪರಿಶೀಲಿಸಲು ಇಬ್ಬರು ಸದಸ್ಯರು ಬೇಕು. ಆಸಕ್ತರು ಹೆಸರು ಕೊಡಿ. ನಿವೃತ್ತ ಮೇಷ್ಟ್ರುಗಳು ಮುಂದೆ ಬಂದರೆ ಹೆಚ್ಚು ಸಂತೋಷ.

ನಿಮ್ಮ ವಿಶ್ವಾಸದ,
ಕಾರ್ಯದರ್ಶಿ